ಮಗಳಿಗೊಂದು ಪತ್ರ: ಅಗಲಿಕೆಯ ನೋವನ್ನು ತಿಳಿದೂ ಬರಮಾಡಿಕೊಂಡವರು

ಪ್ರೀತಿಯ ಮಗಳಿಗೆ,

ಅಪ್ಪನ ಆಶೀರ್ವಾದಗಳು. ನಾನು ಕಳುಹಿಸಿದ ಪುಸ್ತಕವನ್ನು ಇನ್ನೂ ತೆರೆದಿಲ್ಲವೆಂದೂ, ಸಾವಿನ ಎದುರು ನಿಂತವರ ಆತ್ಮಕಥನವನ್ನು ಓದುವ ಧೈರ್ಯ ಸದ್ಯಕ್ಕೆ ನಿನಗಿಲ್ಲವೆಂದೂ ಬರೆದಿದ್ದೀಯೆ. ನಾನು ಒತ್ತಾಯಿಸುವುದಿಲ್ಲ. ಆದರೆ ಅದನ್ನು ನಿನಗೇ ಏಕೆ ಕಳುಹಿಸಿದೆನೆಂಬುದನ್ನು ಹೇಳದೆ ಇರಲಾರೆ.

‘ವೆನ್ ಬ್ರೆತ್ ಬಿಕಮ್ಸ್ ಏರ್’ ಬರೆದ ಪಾಲ್ ಕಲಾನಿಧಿ, ಬದುಕಿಗೆ ಅರ್ಥ ಬರುವುದು ಯಾವುದರಿಂದ ಎಂಬ ಪ್ರಶ್ನೆಯನ್ನು ಮೊದಲು ಸಾಹಿತ್ಯದಲ್ಲಿ ಹುಡುಕಿ, ಅನಂತರ ವೈದ್ಯಕೀಯಕ್ಕೆ ಬಂದವರು. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಮಿದುಳಿನ ಶಸ್ತ್ರಚಿಕಿತ್ಸೆಯ ದೀರ್ಘ ತರಬೇತಿ ಇನ್ನೇನು ಮುಗಿಯಬೇಕೆನ್ನುವಾಗ, 2013ರಲ್ಲಿ, ತಮ್ಮ 36ನೇ ವಯಸ್ಸಿನಲ್ಲಿ, ಅವರಿಗೆ ನಾಲ್ಕನೇ ಹಂತದ ಶ್ವಾಸಕೋಶದ ಕ್ಯಾನ್ಸರ್ ಇರುವುದು ತಿಳಿಯಿತು. ಎಷ್ಟೋ ರೋಗಿಗಳ ಸ್ಕ್ಯಾನ್‌ಗಳನ್ನು ನೋಡಿದ್ದ ಅವರು ಅಂದು ನೋಡುತ್ತಿದ್ದದ್ದು ತಮ್ಮದೇ ಸ್ಕ್ಯಾನನ್ನು.

ವೈದ್ಯರಾಗಿದ್ದ ಅವರಿಗೆ ಮೊದಲು ಬೇಕೆನಿಸಿದ್ದು ಅಂಕಿಅಂಶ: ಇಂತಹ ರೋಗಿಗಳು ಎಷ್ಟು ಕಾಲ ಬದುಕುತ್ತಾರೆ? ಅವರ ಕ್ಯಾನ್ಸರ್ ತಜ್ಞೆ ಆ ಲೆಕ್ಕವನ್ನು ಚರ್ಚಿಸಲು ಒಪ್ಪದೆ, ನಿಮಗೆ ಮುಖ್ಯವಾದದ್ದು ಯಾವುದೆಂಬುದನ್ನು ನೀವೇ ಕಂಡುಕೊಳ್ಳಬೇಕೆಂದರು. ಈ ಭಾಗವನ್ನು ನಾನು ಎರಡು ಸಲ ಓದಿದೆ. ಉಳಿದಿರುವುದು ಕೆಲವೇ ತಿಂಗಳೋ ಹತ್ತು ವರ್ಷವೋ ತಿಳಿಯದಿರುವಾಗ ಮನುಷ್ಯ ನಾಳೆಯ ಕೆಲಸವನ್ನು ಹೇಗೆ ಆರಿಸಿಕೊಳ್ಳಬೇಕು? ಅವರ ಗಡ್ಡೆಯಲ್ಲಿ ಇಜಿಎಫ್‌ಆರ್ ಎಂಬ ಜೀನಿನ ಬದಲಾವಣೆ ಇದ್ದುದರಿಂದ ಅದಕ್ಕೆಂದೇ ಇರುವ ಮಾತ್ರೆಗಳು ಕೆಲವು ಕಾಲ ಫಲ ನೀಡಿದವು, ಅವರು ಮತ್ತೆ ಶಸ್ತ್ರಚಿಕಿತ್ಸಾ ಕೊಠಡಿಗೆ ಮರಳಿದರು. ಕ್ಯಾನ್ಸರ್ ಮತ್ತೆ ಬೆಳೆದಾಗ ಆ ಕೆಲಸವನ್ನು ಬಿಡಬೇಕಾಯಿತು, ಬರವಣಿಗೆ ಉಳಿಯಿತು. ಕೀಮೋಥೆರಪಿಯಿಂದ ಬೆರಳ ತುದಿಗಳು ಬಿರಿದು ನೋಯುತ್ತಿದ್ದಾಗ ಕೈಗವಸು ತೊಟ್ಟು ಟೈಪ್ ಮಾಡುತ್ತಿದ್ದರೆಂದು ಅವರ ಪತ್ನಿ, ವೈದ್ಯೆ ಲೂಸಿ, ಪುಸ್ತಕದ ಕೊನೆಯಲ್ಲಿ ಬರೆದಿದ್ದಾರೆ.

ಆದರೆ ತಂದೆಯಾದ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆಯೇ ಒಂದು ಪ್ರಸಂಗ. ಮಗು ಬೇಕೇ ಎಂದು ಗಂಡಹೆಂಡತಿ ಯೋಚಿಸುತ್ತಿದ್ದಾಗ, ಮಗುವನ್ನು ಅಗಲಬೇಕಾಗಿ ಬಂದರೆ ನಿಮ್ಮ ಸಾವು ಇನ್ನಷ್ಟು ನೋವಿನದಾಗುವುದಿಲ್ಲವೇ ಎಂದು ಲೂಸಿ ಕೇಳುತ್ತಾರೆ. ಹಾಗಾದರೆ ಅದು ಒಳ್ಳೆಯದೇ ಅಲ್ಲವೇ ಎಂಬುದು ಪಾಲ್ ಅವರ ಉತ್ತರ. ನೋವು ತಪ್ಪಿಸಿಕೊಳ್ಳುವುದೇ ಬದುಕಿನ ಗುರಿಯಲ್ಲವೆಂದು ಇಬ್ಬರೂ ನಿರ್ಧರಿಸುತ್ತಾರೆ. ಆರೋಗ್ಯವಂತನೊಬ್ಬ ಇದನ್ನು ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ತನಗೆ ದಕ್ಕುವ ದಿನಗಳು ಎಷ್ಟು ಕಡಿಮೆಯೆಂಬುದನ್ನು ವೈದ್ಯನಾಗಿ ಬಲ್ಲವರು, ಕಳೆದುಕೊಳ್ಳಬೇಕಾದದ್ದನ್ನು ತಾವಾಗಿಯೇ ಹೆಚ್ಚಿಸಿಕೊಂಡರು. 2014ರ ಜುಲೈನಲ್ಲಿ ಮಗಳು ಹುಟ್ಟಿದಾಗ ಅವರು ಹೆರಿಗೆ ಕೊಠಡಿಯಲ್ಲಿ ಹೊದಿಕೆ ಹೊದ್ದು ಮಂಚದ ಮೇಲೆ ಮಲಗಿದ್ದರು, ಕೂಸಿಗೆ ತಮ್ಮ ಕೃಶ ದೇಹದಿಂದ ಚಳಿಯಾದೀತೆಂಬ ಅಳುಕು ಅವರಿಗಿತ್ತು. 2015ರ ಮಾರ್ಚ್ 9ರಂದು ಅವರು ತೀರಿಕೊಂಡಾಗ ಅವಳಿಗೆ ಎಂಟು ತಿಂಗಳು.

ನೀನು ಹುಟ್ಟಿದ ದಿನ ನನಗೂ ಭಯವಾಗಿತ್ತು, ಅದು ಎಂತಹ ಭಯವೆಂಬುದಕ್ಕೆ ಅಂದು ನನ್ನಲ್ಲಿ ಮಾತಿರಲಿಲ್ಲ. ಯಾರನ್ನಾದರೂ ಹೆಚ್ಚು ಹಚ್ಚಿಕೊಂಡರೆ ಮುಂದೆ ನೋಯಬೇಕಾಗುತ್ತದೆಂದು ನೀನು ಈಚೆಗೆ ಎಲ್ಲರಿಂದಲೂ ಸ್ವಲ್ಪ ದೂರ ಸರಿಯುತ್ತಿರುವುದು ನನಗೆ ಕಾಣುತ್ತಿದೆ. ಪುಸ್ತಕವನ್ನು ನಿನಗೆ ಕಳುಹಿಸಿದ್ದು ಇದಕ್ಕಾಗಿಯೇ.

ಪಾಲ್ ತಾವು ಬರೆದ ಭಾಗವನ್ನು ಮುಗಿಸುವುದು ಮಗಳಿಗೆ ಹೇಳುವ ಮಾತಿನಿಂದ: ಸಾಯುತ್ತಿದ್ದ ಒಬ್ಬ ಮನುಷ್ಯನ ದಿನಗಳನ್ನು ನೀನು ತೃಪ್ತಿಯ ಸಂತೋಷದಿಂದ ತುಂಬಿದೆ, ಇದನ್ನು ಎಂದೂ ಕಡಿಮೆಯೆಂದು ಎಣಿಸಬೇಡ ಎಂಬುದು ಅದರ ಸಾರ. ಮೊದಲಿನಿಂದ ಓದಲಾಗದಿದ್ದರೆ ಆ ಒಂದು ಪುಟವನ್ನಾದರೂ ಓದು. ಓದಿದ ದಿನ, ಎಷ್ಟೇ ಹೊತ್ತಾಗಿರಲಿ, ನನಗೆ ಫೋನ್ ಮಾಡು.

ಇಂತಿ,
ನಿನ್ನ ಅಪ್ಪ