ನಮ್ಮ ಬೀದಿಯ ಜ್ವರದ ಲೆಕ್ಕ ಕೊಡಿ: ಕ್ಷೇತ್ರದ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ಸಾದರ ನಮಸ್ಕಾರಗಳು.

ಚಿತ್ರದುರ್ಗ ಜಿಲ್ಲೆಯ ನಮ್ಮ ತಾಲ್ಲೂಕು ಕಚೇರಿಯ ಎದುರಿನ ಬೇವಿನ ಮರದ ಕೆಳಗೆ ಮೇಜು ಹಾಕಿಕೊಂಡು ಇಪ್ಪತ್ತೆರಡು ವರ್ಷಗಳಿಂದ ಅರ್ಜಿ ಬರೆದುಕೊಡುತ್ತಿರುವವನು ನಾನು. ಪಹಣಿ ತಿದ್ದುಪಡಿ, ಪೌತಿ ಖಾತೆ, ವೃದ್ಧಾಪ್ಯ ವೇತನ, ಬೆಳೆ ಪರಿಹಾರ, ಹೀಗೆ ಈ ತಾಲ್ಲೂಕಿನ ಎಷ್ಟೋ ಮನೆಗಳ ಕಷ್ಟಗಳು ನನ್ನ ಕೈಬರಹದಲ್ಲಿಯೇ ತಮ್ಮ ಕಚೇರಿಯನ್ನು ತಲುಪಿವೆ. ಕಳೆದ ಚುನಾವಣೆಗೆ ಮುಂಚೆ ತಾವು ಅದೇ ಮರದ ನೆರಳಿನಲ್ಲಿ ನಿಂತು ಚಹಾ ಕುಡಿದದ್ದು ತಮಗೆ ನೆನಪಿಲ್ಲದಿದ್ದರೂ ನನಗೆ ನೆನಪಿದೆ. ಇಷ್ಟು ವರ್ಷಗಳಲ್ಲಿ ಸ್ವಂತಕ್ಕೆಂದು ನಾನು ತಮಗೆ ಒಂದು ಅರ್ಜಿಯನ್ನೂ ಬರೆದುಕೊಂಡಿರಲಿಲ್ಲ. ಇದು ಮೊದಲನೆಯದು. ಇದರಲ್ಲಿ ನಾನು ನಿವೇಶನವನ್ನಾಗಲಿ ಪರಿಹಾರವನ್ನಾಗಲಿ ಕೇಳುತ್ತಿಲ್ಲ, ಲೆಕ್ಕ ಕೇಳುತ್ತಿದ್ದೇನೆ.

ಕಳೆದ ವಾರ ನಮ್ಮ ಪಟ್ಟಣದ ಯಾವ ವಾರ್ಡಿನಲ್ಲಿ ಎಷ್ಟು ಜನಕ್ಕೆ ಜ್ವರ ಬಂದಿತ್ತು, ಅವರಲ್ಲಿ ಎಷ್ಟು ಜನರ ರಕ್ತದ ಮಾದರಿ ಪರೀಕ್ಷೆಗೆ ಹೋಯಿತು, ಎಷ್ಟರಲ್ಲಿ ಡೆಂಗ್ಯೂ ಖಚಿತವಾಯಿತು, ತಪಾಸಣೆ ಮಾಡಿದ ನೂರು ಮನೆಗಳಲ್ಲಿ ಎಷ್ಟು ಮನೆಯ ನೀರಿನಲ್ಲಿ ಲಾರ್ವಾ, ಅಂದರೆ ಸೊಳ್ಳೆಯ ಮರಿಹುಳು ಸಿಕ್ಕಿತು ಎಂಬುದನ್ನು ಪ್ರತಿ ಸೋಮವಾರ ಜನರ ಕಣ್ಣಿಗೆ ಬೀಳುವ ಜಾಗದಲ್ಲಿ ಬರೆಸಬೇಕು. ನನ್ನ ಕೋರಿಕೆ ಇಷ್ಟೇ. ಮುಂದೆ ಬರೆಯುವುದೆಲ್ಲ ಈ ಕೋರಿಕೆ ಏಕೆ ಹುಟ್ಟಿತು ಎಂಬುದರ ವಿವರ.

ಹೋದ ಮಳೆಗಾಲದಲ್ಲಿ ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದ ನನ್ನ ಮಗಳಿಗೆ ಜ್ವರ ಬಂತು. ಕಣ್ಣುಗುಡ್ಡೆಯ ಹಿಂದೆ ಯಾರೋ ಒತ್ತಿದಂತೆ ನೋಯುತ್ತದೆ ಎಂದು ಅವಳು ಹೇಳುತ್ತಿದ್ದಳು. ಮೂರನೆಯ ದಿನ ಇಲ್ಲಿಯ ಖಾಸಗಿ ಕ್ಲಿನಿಕ್ಕಿನಲ್ಲಿ ಕಾರ್ಡ್ ಟೆಸ್ಟ್ (ಸ್ಥಳದಲ್ಲೇ ಮಾಡುವ ರಕ್ತದ ಶೀಘ್ರ ಪರೀಕ್ಷೆ) ಮಾಡಿ ಡೆಂಗ್ಯೂ ಎಂದರು. ಐದನೆಯ ದಿನ ಜ್ವರ ಬಿಟ್ಟಾಗ ಬದುಕಿದೆವು ಎಂದುಕೊಂಡು ಅವಳ ತಾಯಿ ದೇವರಿಗೆ ದೀಪ ಹಚ್ಚಿದಳು. ಡೆಂಗ್ಯೂವಿನಲ್ಲಿ ಅಪಾಯದ ಹೊತ್ತು ಶುರುವಾಗುವುದೇ ಜ್ವರ ಇಳಿಯುವಾಗ ಎಂಬುದನ್ನು ನಮಗೆ ಯಾರೂ ಹೇಳಿರಲಿಲ್ಲ. ಆ ರಾತ್ರಿ ಹೊಟ್ಟೆನೋವು ಮತ್ತು ವಾಂತಿ ಬಿಡಲಿಲ್ಲ. ಬೆಳಗಿನ ಜಾವ ಬಾಯಿ ಮುಕ್ಕಳಿಸಿದಾಗ ಒಸಡಿನಿಂದ ರಕ್ತ ಬಂತು. ಒಂದೂವರೆ ಲಕ್ಷಕ್ಕಿಂತ ಮೇಲಿರಬೇಕಾದ ಪ್ಲೇಟ್‌ಲೆಟ್ 22 ಸಾವಿರಕ್ಕೆ ಇಳಿದಿತ್ತು. ಬಾಡಿಗೆ ಕಾರಿನಲ್ಲಿ ದಾವಣಗೆರೆಗೆ ಕರೆದೊಯ್ದು ಆರು ದಿನ ಒಂದು ಆಸ್ಪತ್ರೆಯಲ್ಲಿಟ್ಟು, ಹೆಂಡತಿಯ ಸರವನ್ನು ಒತ್ತೆಯಿಟ್ಟು ಮಗಳನ್ನು ಉಳಿಸಿಕೊಂಡೆವು. ಸರ ಇನ್ನೂ ಬಿಡಿಸಿಲ್ಲ. ಅದು ನನ್ನ ಪಾಡು, ಅದರ ಮಾತು ಇಲ್ಲಿಗೆ ಸಾಕು.

ನನಗೆ ಈ ಪತ್ರ ಬರೆಯಲೇಬೇಕು ಎನ್ನಿಸಿದ್ದು ಊರಿಗೆ ಬಂದು ಮನೆಯ ಬೀಗ ತೆಗೆಯುವಾಗ. ಬಾಗಿಲ ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಎರಡು ದಿನಾಂಕಗಳು, ಪ್ರತಿಯೊಂದರ ಮುಂದೆ ಒಂದು ಗೀಚು ಸಹಿ, ಸಹಿಯ ಕೆಳಗೆ ‘ಲಾರ್ವಾ 0’ ಎಂದು ಬರೆದಿತ್ತು. ಎರಡೂ ದಿನಾಂಕಗಳು ನಾವು ಆಸ್ಪತ್ರೆಯಲ್ಲಿದ್ದ ದಿನಗಳವು. ಬೀಗ ಹಾಕಿದ ಮನೆಯ ಹಿತ್ತಲಿನ ನೀರನ್ನು ಬೀದಿಯಲ್ಲಿ ನಿಂತು ತಪಾಸಣೆ ಮಾಡುವ ಆ ದಿವ್ಯದೃಷ್ಟಿ ವಿಜ್ಞಾನಿಗಳಿಗೆ ಇನ್ನೂ ಸಿದ್ಧಿಸಿಲ್ಲ. ನಮ್ಮ ತಾಲ್ಲೂಕಿಗೆ ಸಿದ್ಧಿಸಿದೆ. ನಾನು ನೇರವಾಗಿ ಹಿತ್ತಲಿಗೆ ಹೋಗಿ ಕರಿ ಡ್ರಮ್ಮಿನಿಂದ ಒಂದು ಸ್ಟೀಲ್ ಚೊಂಬಿನಲ್ಲಿ ನೀರೆತ್ತಿ ಬಿಸಿಲಿಗೆ ಹಿಡಿದೆ. ಹುಳುಗಳು ನೀರಿನ ಮೇಲ್ಮೈಗೆ ಬಾಲ ಅಂಟಿಸಿಕೊಂಡು ತಲೆಕೆಳಗಾಗಿ ಜೋತುಬಿದ್ದಿದ್ದವು. ನನ್ನ ನೆರಳು ಬಿದ್ದೊಡನೆ ಕೊಂಕುತ್ತ ಕೊಂಕುತ್ತ ತಳಕ್ಕಿಳಿದವು, ಸ್ವಲ್ಪ ಹೊತ್ತಿಗೆ ಉಸಿರಿಗಾಗಿ ಒಂದೊಂದೇ ಮೇಲೆ ಬಂದವು. ಎಣಿಸಿದೆ, ಹದಿನೇಳು. ಗೋಡೆಯ ಮೇಲೆ ಸೊನ್ನೆ, ಚೊಂಬಿನಲ್ಲಿ ಹದಿನೇಳು.

ಹತ್ತು ದಿನ ಕಳೆದ ಮೇಲೆ ಅದೇ ಗೋಡೆಯ ಕೆಳಗೆ ನಿಂತು ಇನ್ನೊಬ್ಬರು ನನ್ನ ಕೈಗೆ 400 ರೂಪಾಯಿ ದಂಡದ ಚೀಟಿ ಕೊಟ್ಟರು, ಡ್ರಮ್ಮಿನ ಬಾಯಿ ಮುಚ್ಚಿಲ್ಲವೆಂದು. 2024ರಲ್ಲಿ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಹುಟ್ಟಲು ಬಿಡುವ ಮನೆಗಳಿಗೆ ಪಟ್ಟಣದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ಗೊತ್ತುಮಾಡಿದ್ದು ತಮಗೆ ತಿಳಿಯದ್ದೇನಲ್ಲ. ನಾನು ದಂಡ ಕಟ್ಟಿದೆ, ರಸೀದಿ ಇದೆ. ಆದರೆ ನಿಯಮ ತಿಳಿದ ತಮ್ಮನ್ನು ಒಂದು ಮಾತು ಕೇಳುತ್ತೇನೆ. ಪೈಪ್‌ಲೈನಿಗೆಂದು ನಮ್ಮ ಮನೆಯ ಮುಂದೆ ತೋಡಿ ಮೂರು ತಿಂಗಳು ಮುಚ್ಚದೆ ಬಿಟ್ಟ, ಮಳೆನೀರು ತುಂಬಿದ ಗುಂಡಿಯ ದಂಡವನ್ನು ಯಾರ ಹೆಸರಿಗೆ ಬರೆಯಬೇಕು?

ಡ್ರಮ್ಮು ತುಂಬಿಡುವುದು ನಮಗೇನೂ ಚಟವಲ್ಲ. ಬಯಲುಸೀಮೆಯ ಈ ಬೀದಿಗೆ ನಲ್ಲಿಯಲ್ಲಿ ನೀರು ಬರುವುದು ಎಂಟು ಅಥವಾ ಒಂಬತ್ತು ದಿನಕ್ಕೊಮ್ಮೆ. ನೀರಗಂಟಿಗೆ ಮನಸ್ಸು ಬಂದ ಹೊತ್ತಿಗೆ, ಒಂದೊಂದು ಸಲ ನಡುರಾತ್ರಿ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಚರಂಡಿಯ ಕೊಳಕು ನೀರನ್ನಲ್ಲ, ನಾವು ಹೀಗೆ ಜೋಪಾನ ಮಾಡಿದ ತಿಳಿನೀರನ್ನು ಹುಡುಕಿಕೊಂಡು ಬರುತ್ತದೆ. ಮೊಟ್ಟೆಯನ್ನು ನೀರಿನಲ್ಲಿ ಬಿಡದೆ, ನೀರು ಮುಟ್ಟುವ ಅಂಚಿಗೆ ಡ್ರಮ್ಮಿನ ಗೋಡೆಗೆ ಅಂಟಿಸುತ್ತದೆ. ಡ್ರಮ್ಮು ಒಣಗಿದರೂ ಆ ಮೊಟ್ಟೆ ತಿಂಗಳುಗಟ್ಟಲೆ ಕಾಯ್ದುಕೊಂಡಿರುತ್ತದೆ. ನೀರು ಮುಟ್ಟಿದೊಡನೆ ಒಡೆದು, ಒಂದು ವಾರ ಹತ್ತು ದಿನದೊಳಗೆ ಹಾರುವ ಸೊಳ್ಳೆಯಾಗುತ್ತದೆ. ಅಂದರೆ ನಮ್ಮ ನಲ್ಲಿಯ ಸರದಿಗೂ ಸೊಳ್ಳೆಯ ಸರದಿಗೂ ಅಳೆದಿಟ್ಟಂತೆ ಹೊಂದಾಣಿಕೆಯಾಗಿದೆ. ವಾರಕ್ಕೊಂದು ದಿನ ಎಲ್ಲ ಪಾತ್ರೆಗಳನ್ನೂ ಬರಿದು ಮಾಡಿ ಉಜ್ಜಿ ಒಣಗಿಸಿರಿ ಎಂದು ಆಟೋದಲ್ಲಿ ಮೈಕು ಕಟ್ಟಿ ಕೂಗಿಸುತ್ತಾರೆ. ಒಂಬತ್ತನೆಯ ದಿನ ಬರುವ ನೀರನ್ನು ನಂಬಿಕೊಂಡು ಏಳನೆಯ ದಿನ ಚೆಲ್ಲುವ ಧೈರ್ಯ ತಮ್ಮ ಮನೆಯಲ್ಲಿ ಯಾರಿಗಾದರೂ ಇದೆಯೇ, ದಯಮಾಡಿ ವಿಚಾರಿಸಿ ತಿಳಿಸಬೇಕು. ಇನ್ನು ಹೊಗೆ ಹೊಡೆಯುವ ಯಂತ್ರ. ಅದು ಬರುವುದು ದೀಪ ಹಚ್ಚುವ ಹೊತ್ತಿಗೆ, ಹಿಂದೆ ಫೋಟೊ ತೆಗೆಯುವವರನ್ನು ಕರೆದುಕೊಂಡು. ಈಡಿಸ್ ಕಚ್ಚುವುದು ಹೆಚ್ಚಾಗಿ ಹಗಲಿನಲ್ಲಿ, ಮತ್ತು ಹೊಗೆಗೆ ಡ್ರಮ್ಮಿನೊಳಗಿನ ಹುಳು ಸಾಯುವುದಿಲ್ಲ.

ಈಗ ಲೆಕ್ಕದ ಮಾತಿಗೆ ಬರುತ್ತೇನೆ. ಸರ್ಕಾರದ ದಾಖಲೆಯ ಪ್ರಕಾರ ನನ್ನ ಮಗಳಿಗೆ ಡೆಂಗ್ಯೂ ಬಂದೇ ಇಲ್ಲ. ಕಾರ್ಡ್ ಟೆಸ್ಟನ್ನು ಖಚಿತ ಪ್ರಕರಣವೆಂದು ಎಣಿಸುವ ಹಾಗಿಲ್ಲ; ಜ್ವರದ ಮೊದಲ ಐದು ದಿನಗಳಲ್ಲಿ ಎನ್‌ಎಸ್‌1 (ವೈರಸ್ಸಿನ ಪ್ರೋಟೀನು), ಆಮೇಲೆ ಐಜಿಎಂ (ದೇಹ ತಯಾರಿಸುವ ಪ್ರತಿಕಾಯ), ಅದೂ ಪ್ರಯೋಗಾಲಯದ ಎಲೈಸಾ ವಿಧಾನದಲ್ಲಿ ಪರೀಕ್ಷೆಯಾದರೆ ಮಾತ್ರ ಖಚಿತ. ಈ ನಿಯಮದ ಬಗ್ಗೆ ನನಗೆ ತಕರಾರಿಲ್ಲ. ಕಾರ್ಡು ತಪ್ಪು ಹೇಳುವುದುಂಟು, ವಿಜ್ಞಾನ ಹಾಗೆ ಕಟ್ಟುನಿಟ್ಟಾಗಿಯೇ ಇರಬೇಕು. ತಕರಾರು ಇರುವುದು, ಎಲೈಸಾಗೆ ಕಳುಹಿಸಲು ಅವಳ ಒಂದು ಹನಿ ರಕ್ತವನ್ನೂ ಯಾರೂ ಕೇಳಿಕೊಂಡು ಬರಲಿಲ್ಲ ಎಂಬುದಕ್ಕೆ. ನಮ್ಮ ಬೀದಿಯಲ್ಲಿ ಆ ತಿಂಗಳು ನನಗೆ ಗೊತ್ತಿದ್ದಂತೆ ಹನ್ನೊಂದು ಜನ ಮಲಗಿದ್ದರು. ಪರೀಕ್ಷೆಯೇ ಆಗದಿದ್ದರೆ ರೋಗ ಖಚಿತವಾಗುವುದಿಲ್ಲ, ಖಚಿತವಾಗದಿದ್ದರೆ ಲೆಕ್ಕಕ್ಕೆ ಬರುವುದಿಲ್ಲ, ಲೆಕ್ಕಕ್ಕೆ ಬಾರದಿದ್ದರೆ ‘ನಿಯಂತ್ರಣದಲ್ಲಿದೆ’. ಡೆಂಗ್ಯೂ ಸೋಂಕು ತಗುಲಿದ ಬಹುಪಾಲು ಜನರಲ್ಲಿ ಜ್ವರವೇ ಕಾಣಿಸುವುದಿಲ್ಲ. 2013ರಲ್ಲಿ ವಿಜ್ಞಾನಿಗಳು ಅಂದಾಜು ಮಾಡಿದಂತೆ ಜಗತ್ತಿನಲ್ಲಿ ವರ್ಷಕ್ಕೆ 39 ಕೋಟಿ ಸೋಂಕುಗಳಾದರೆ ಅವುಗಳಲ್ಲಿ ಲಕ್ಷಣ ತೋರುವುದು 9.6 ಕೋಟಿ ಮಾತ್ರ. ಕಾಣದ ಸೋಂಕು ಹೇಗೂ ಲೆಕ್ಕಕ್ಕೆ ಸಿಗದು. ಕಂಡ ಜ್ವರವನ್ನಾದರೂ ಬರೆದುಕೊಳ್ಳಬಾರದೇ?

ಲೆಕ್ಕದಿಂದ ಏನಾಗುತ್ತದೆ ಎಂದು ತಮ್ಮ ಆಪ್ತ ಸಹಾಯಕರೊಬ್ಬರು ನನ್ನನ್ನು ಕೇಳಿದರು. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟಿನಲ್ಲಿ ಕಾಲರಾ ಬಂದಾಗ ಜಾನ್ ಸ್ನೋ ಎಂಬ ವೈದ್ಯರು ಸತ್ತವರ ಮನೆಗಳನ್ನು ಒಂದೊಂದಾಗಿ ನಕ್ಷೆಯಲ್ಲಿ ಗುರುತು ಹಾಕಿದರು. ಗುರುತುಗಳೆಲ್ಲ ಒಂದು ಕೈಪಂಪಿನ ಸುತ್ತ ಕೂಡಿಕೊಂಡವು, ರೋಗ ಅದರ ನೀರಿನಿಂದ ಬರುತ್ತಿದೆ ಎಂಬುದು ಹಾಗೆ ಗೊತ್ತಾಯಿತು. ಕಾಲರಾದ ಸೂಕ್ಷ್ಮಾಣು ಯಾವುದೆಂದು ಆಗ ಅವರಿಗೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಯಾವ ಮನೆಯಲ್ಲಿ ಎಷ್ಟು ಜನ ಎಂಬುದು ಮಾತ್ರ. ಲಂಡನ್ ದೂರವಾಯಿತೆಂದರೆ ಸೊರಬ ತಾಲ್ಲೂಕಿಗೆ ಬನ್ನಿ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿವೆ, ಸುತ್ತಲಿನ ಹಳ್ಳಿಗಳ ಜನಕ್ಕೂ ಜ್ವರ ಬರುತ್ತಿದೆ ಎಂಬ ಸುದ್ದಿಯನ್ನು ಯಾರೋ ಉಡಾಫೆ ಮಾಡದೆ ಮೇಲಕ್ಕೆ ಮುಟ್ಟಿಸಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದರು. ಮೊದಲು ಹಳದಿ ಜ್ವರವಿರಬಹುದೆಂದು ಶಂಕಿಸಿ, ಹುಡುಕುತ್ತ ಹೋಗಿ, ಜಗತ್ತಿಗೇ ಹೊಸದಾದ ಒಂದು ವೈರಸ್ಸನ್ನೂ ಅದನ್ನು ಹರಡುವ ಉಣ್ಣೆ ಹುಳುವನ್ನೂ ಕಂಡುಹಿಡಿದರು. ಸತ್ತ ಮಂಗಗಳಿಗೆ ಅಂದು ಲೆಕ್ಕ ಇಟ್ಟವರಿದ್ದರು. ಇಂದು ನಮ್ಮ ಬೀದಿಯ ಹನ್ನೊಂದು ಮನುಷ್ಯರಿಗೆ ಆ ಮಂಗಗಳಷ್ಟಾದರೂ ಮರ್ಯಾದೆ ಬೇಕೆಂದು ಕೇಳಿದರೆ ಅತಿಯಾಯಿತೇ?

ಮಲೇರಿಯಾದ ಗುಟ್ಟನ್ನು 1897ರಲ್ಲಿ ಸಿಕಂದರಾಬಾದಿನಲ್ಲಿ ಒಡೆದ ರೊನಾಲ್ಡ್ ರಾಸ್, ಅದಕ್ಕೂ ಮುಂಚೆ 1883ರಲ್ಲಿ ಬೆಂಗಳೂರಿನಲ್ಲಿದ್ದರು. ತಮ್ಮ ಬಂಗಲೆಯ ಕಿಟಕಿಯ ಹೊರಗಿದ್ದ ನೀರಿನ ಪೀಪಾಯಿಯಲ್ಲಿ ಸೊಳ್ಳೆ ಮರಿಗಳನ್ನು ಕಂಡು ಅದನ್ನು ಉರುಳಿಸಿದರು, ಸೊಳ್ಳೆ ಕಡಿಮೆಯಾಯಿತು. ಉಳಿದ ಪಾತ್ರೆಗಳನ್ನೂ ಹೀಗೆಯೇ ಮಾಡೋಣವೆಂದು ಅಲ್ಲಿಯ ಸೇನಾಧಿಕಾರಿಗೆ ಹೇಳಿದರೆ, ಸೃಷ್ಟಿಯ ನಿಯಮ ಕೆಡಿಸುವುದು ಸರಿಯಲ್ಲವೆಂಬ ಉತ್ತರ ಬಂತಂತೆ. ಈ ಸಂಗತಿಯನ್ನು ಓದಿದಾಗ ನನಗೆ ನಗು ಬಂತು. ಅಂಥ ಉತ್ತರಗಳ ಕಟ್ಟೇ ನನ್ನ ಮೇಜಿನ ಖಾನೆಯಲ್ಲಿದೆ.

ಏಕೆಂದರೆ ನಾನು ಮಾಹಿತಿ ಹಕ್ಕಿನಲ್ಲಿಯೂ ಕೇಳಿ ನೋಡಿದೆ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು, ವಾರ್ಡುವಾರು ಜ್ವರದ ಸಂಖ್ಯೆ ಮತ್ತು ಲಾರ್ವಾ ಸಮೀಕ್ಷೆಯ ಪ್ರತಿ ಕೋರಿದೆ. ಒಂದು ಕಚೇರಿಯವರು ಕಲಂ 6(3)ರ ಪ್ರಕಾರ ಇನ್ನೊಂದು ಕಚೇರಿಗೆ ವರ್ಗಾಯಿಸಿದರು. ಅಲ್ಲಿಯವರು ‘ಸದರಿ ಮಾಹಿತಿಯು ಈ ಕಚೇರಿಗೆ ಸಂಬಂಧಿಸಿರುವುದಿಲ್ಲ’ ಎಂದು ಮೂರನೆಯವರಿಗೆ ದಾಟಿಸಿದರು. ಮೂರನೆಯವರು ಮೊದಲನೆಯವರನ್ನೇ ಸಂಪರ್ಕಿಸಿರಿ ಎಂದರು. ನಮ್ಮ ಕಡೆ ಹಿಂದೆ ಊರಿಗೆ ಬೇನೆ ಬಂದರೆ ಮಾರಿಯನ್ನು ಪುಟ್ಟ ಗಾಡಿಯಲ್ಲಿ ಕೂರಿಸಿ ಪಕ್ಕದೂರಿನ ಗಡಿಗೆ ಬಿಟ್ಟು ಬರುತ್ತಿದ್ದರು, ಆ ಊರಿನವರು ಮುಂದಿನ ಊರಿನ ಗಡಿಗೆ. ಆ ಪದ್ಧತಿ ಹೋಯಿತೆಂದು ತಿಳಿದಿದ್ದೆ. ಕಚೇರಿಗಳಲ್ಲಿ ಕ್ರಮಬದ್ಧವಾಗಿ ನಡೆದುಕೊಂಡು ಬರುತ್ತಿದೆ.

ಲೆಕ್ಕವೇ ಇಲ್ಲವೆಂದು ಯಾರೂ ಹೇಳುವಂತಿಲ್ಲ. 2004ರಿಂದ ಸಮಗ್ರ ರೋಗ ಕಣ್ಗಾವಲು ಕಾರ್ಯಕ್ರಮ ನಡೆಯುತ್ತಿದೆ. ಆರೋಗ್ಯ ಕಾರ್ಯಕರ್ತರು ಎಸ್, ವೈದ್ಯರು ಪಿ, ಪ್ರಯೋಗಾಲಯದವರು ಎಲ್ ಎಂಬ ನಮೂನೆ ತುಂಬುವ ಏರ್ಪಾಡು ಅದರಲ್ಲಿದೆ. ನಮೂನೆಗಳ ಮೇಲೆ ಬದುಕುವ ನಾನು ಅದನ್ನು ಮೆಚ್ಚಲೇಬೇಕು. ಆದರೆ ಆ ಸಂಖ್ಯೆ ಮೇಲಕ್ಕೆ ಹೋಗುತ್ತದೆ, ಕೆಳಗೆ ಬೀದಿಗೆ ಇಳಿಯುವುದಿಲ್ಲ. ನಮ್ಮ ವಾರ್ಡಿನಲ್ಲಿ ಜ್ವರ ಏರುತ್ತಿದೆ ಎಂದು ಸೋಮವಾರ ತಿಳಿದಿದ್ದರೆ ಮಗಳ ಜ್ವರ ಇಳಿದ ದಿನ ನಾನು ದೀಪ ಹಚ್ಚಿಸದೆ ಕಾರು ಕರೆಸುತ್ತಿದ್ದೆ. ಕಲುಷಿತ ನೀರಿನಿಂದ 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಜನ ಸತ್ತಾಗ ಈ ಜಿಲ್ಲೆಗೆ ಮಂತ್ರಿಗಳು ಬಂದರು, ಕ್ಯಾಮೆರಾಗಳು ಬಂದವು. ಸತ್ತ ಮೇಲೆ ಎಣಿಸುವುದನ್ನು ನಾವು ಚೆನ್ನಾಗಿ ಕಲಿತಿದ್ದೇವೆ.

ಬಿಸಿಲಿನಲ್ಲಿ ಮನೆ ಮನೆ ತಿರುಗುವ ಆಶಾ ಕಾರ್ಯಕರ್ತೆಯರನ್ನು ನಾನು ದೂರುತ್ತಿಲ್ಲ. ಅವರ ಗೌರವಧನದ ಅರ್ಜಿಗಳನ್ನೂ ನಾನೇ ಬರೆದಿದ್ದೇನೆ, ಅವರ ಸ್ಥಿತಿ ನನಗೆ ಗೊತ್ತು. ಒಬ್ಬರ ಕೈಲಾಗದಷ್ಟು ಮನೆಗಳನ್ನು ಕೊಟ್ಟರೆ ಯಾರಾದರೂ ಗೋಡೆಯ ಮೇಲೆ ಸೊನ್ನೆಯನ್ನೇ ಬರೆಯುತ್ತಾರೆ.

ಆದ್ದರಿಂದ ಮತ್ತೊಮ್ಮೆ ಪ್ರಾರ್ಥಿಸುತ್ತೇನೆ: ಪ್ರತಿ ಸೋಮವಾರ, ವಾರ್ಡುವಾರು, ಜ್ವರ ಎಷ್ಟು, ಮಾದರಿ ಎಷ್ಟು, ಖಚಿತ ಎಷ್ಟು, ಲಾರ್ವಾ ಸಿಕ್ಕ ಮನೆ ಎಷ್ಟು. ರೋಗಿಗಳ ಹೆಸರು ಬೇಡ, ಮನೆ ನಂಬರೂ ಬೇಡ. ‘ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು’ ಎಂಬ ಹಿಂಬರಹ ಮಾತ್ರ ಬೇಡ. ಆ ವಾಕ್ಯವನ್ನು ನಾನು ತಮಗಿಂತ ಹೆಚ್ಚು ಸಲ ಓದಿದ್ದೇನೆ.

ತಾಲ್ಲೂಕು ಕಚೇರಿಯ ಗೋಡೆಗೆ ಒಂದು ಕಪ್ಪುಹಲಗೆ ಇದೆ, ನನ್ನ ಮೇಜಿನಿಂದ ಹದಿನೈದು ಹೆಜ್ಜೆ. ಕಳೆದ ಚುನಾವಣೆಯ ಮತದಾನ ಜಾಗೃತಿಯ ಸಾಲು ಅದರ ಮೇಲೆ ಇನ್ನೂ ಅರ್ಧ ಅಳಿಸಿಕೊಂಡು ಉಳಿದಿದೆ. ಬರೆಯಲು ಸಿಬ್ಬಂದಿ ಇಲ್ಲವೆಂದಾದರೆ ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಕಳುಹಿಸಿಕೊಡಿ, ಸೋಮವಾರ ಹತ್ತು ಗಂಟೆಯೊಳಗೆ ನಾನೇ ಬರೆಯುತ್ತೇನೆ. ಸೀಮೆಸುಣ್ಣ ನನ್ನದೇ ಇರಲಿ.

ಇಂತಿ ತಮ್ಮ ವಿಧೇಯ,
ಬೇವಿನ ಮರದ ಕೆಳಗಿನ ಅರ್ಜಿ ಬರಹಗಾರ

ಅಡಕ: ದಂಡದ ರಸೀದಿ, ಕಾರ್ಡ್ ಟೆಸ್ಟ್ ಚೀಟಿ ಮತ್ತು ಗೋಡೆಯ ಫೋಟೊ, ತಲಾ ಒಂದು ಪ್ರತಿ.