ಟಾಲಿಗಂಜ್‌ನ ಆ ಬಂಗಲೆ ನಮಗೂ ಕಾಣಲಿ

ಮಾನ್ಯ ಸಂಪಾದಕರೇ,

ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಲಾಲ್ ಮಹಲ್ ಇದ್ದ ಜಾಗದಲ್ಲಿ ಈಗ ಉಳಿದಿರುವುದು ಬರೀ ಅಡಿಪಾಯ. ಟಿಪ್ಪು ಅರಮನೆಯ ತೊಲೆಗಳು ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚ್ ಸೇರಿದವು. ನಾನು ಅಲ್ಲೇ ಹತ್ತಿರದ ಊರಿನವಳು. ಟಿಪ್ಪು ಮನೆಯವರು ಬಾಳಿದ ಒಂದು ಬಂಗಲೆ ಇನ್ನೂ ಗಟ್ಟಿಯಾಗಿ ನಿಂತಿದೆ ಅಂತ ನನಗೆ ತಿಳಿದದ್ದು ಕೆಲಸಕ್ಕೆಂದು ಕೋಲ್ಕತ್ತಕ್ಕೆ ಬಂದ ಮೇಲೆ.

ಅದು ಇಲ್ಲಿನ ಟಾಲಿಗಂಜ್ ಬಡಾವಣೆಯ ಟಾಲಿಗಂಜ್ ಕ್ಲಬ್‌ನ ಹಳೇ ಕಟ್ಟಡ. 18ನೇ ಶತಮಾನದ ಕೊನೆಯಲ್ಲಿ ಜಾನ್ಸನ್ ಎಂಬ ಇಂಗ್ಲಿಷ್ ಮನೆತನದವರು ಕಟ್ಟಿಸಿದ್ದು. 1806ರಲ್ಲಿ ವೆಲ್ಲೂರಿನ ಸಿಪಾಯಿಗಳು ದಂಗೆ ಎದ್ದರು. ಅಲ್ಲಿನ ಕೋಟೆಯಲ್ಲಿ ಸೆರೆಯಲ್ಲಿದ್ದ ಟಿಪ್ಪು ಕುಟುಂಬವನ್ನು ಕಂಪನಿಯವರು ಆಮೇಲೆ ಇಷ್ಟು ದೂರ ಸಾಗಹಾಕಿದರು. ಮುಂದೆ ಈ ಬಂಗಲೆ ಆ ಕುಟುಂಬದ ಕೈಗೆ ಬಂತು. ಕೋಲ್ಕತ್ತದ ಧರ್ಮತಲಾದಲ್ಲಿ 1842ರಲ್ಲಿ ಮಸೀದಿ ಕಟ್ಟಿಸಿದ ಗುಲಾಮ್ ಮಹಮ್ಮದ್, ಟಿಪ್ಪುವಿನ ಕಿರಿಯ ಮಗ. ಅಪ್ಪ ಸತ್ತಾಗ ಇನ್ನೂ ಪುಟ್ಟ ಹುಡುಗ. ಕಾವೇರಿ ತೀರದ ಮಗು ಹೂಗ್ಲಿ ತೀರದಲ್ಲಿ ಮುದುಕನಾದ ಕಥೆ ಇದು. ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಕ್ಲಬ್ ಶುರುವಾದದ್ದು 1895ರಲ್ಲಿ. ಕ್ಲಬ್‌ನವರ ಮೇಲೆ ನನಗೆ ಸಿಟ್ಟಿಲ್ಲ. ಸುಮಾರು 100 ಎಕರೆ ಹಸಿರನ್ನು ಅವರು ಉಳಿಸಿಕೊಂಡಿದ್ದಾರೆ. ಪಕ್ಕದಲ್ಲೇ, ಟಿಪ್ಪು ವಂಶದವರ ಹೆಸರಿನ ಪ್ರಿನ್ಸ್ ಅನ್ವರ್ ಷಾ ರಸ್ತೆಯಲ್ಲಿ, ಈಗ ಮಾಲ್ ಮತ್ತು ಗಗನಚುಂಬಿ ಅಪಾರ್ಟ್‌ಮೆಂಟ್‌ಗಳಿವೆ. ಚೆನ್ನೈಯಲ್ಲೂ ಹಾಗೇ ಆಯಿತಲ್ವಾ? ಮದ್ರಾಸ್ ಕ್ಲಬ್ ಬಿಟ್ಟುಹೋದ ಮೌಂಟ್ ರೋಡಿನ ಹಳೇ ಕಟ್ಟಡ ನೆಲಸಮವಾಗಿ ಮಾಲ್ ಬಂತು. ಅಡ್ಯಾರ್ ನದಿ ದಂಡೆಯ ಮೌಬ್ರೇ ಬಂಗಲೆ ಮಾತ್ರ ಉಳಿಯಿತು. ಈಗ ಅದೇ ಮದ್ರಾಸ್ ಕ್ಲಬ್. ಜನ ಬಳಸುವ ಮನೆ ಬಾಳುತ್ತದೆ, ಬೀಗ ಹಾಕಿದ್ದು ಬೀಳುತ್ತದೆ.

ಆದರೆ ಗೋಡೆ ಉಳಿದರೆ ಸಾಲದು, ಅದರ ಕಥೆಯೂ ಉಳಿಯಬೇಕು. ಸದಸ್ಯರೊಬ್ಬರ ಅತಿಥಿಯಾಗಿ ನಾನು ಒಮ್ಮೆ ಒಳಗೆ ಹೋಗಿದ್ದೆ. ಹಳೇ ಕಂಬಗಳ ನಡುವೆ ನಿಂತಾಗ ನಮ್ಮೂರಿನ ನೆನಪಾಯಿತು. ಊರಿಂದ ಬರುವ ನೆಂಟರಿಗೆ ಅದನ್ನು ತೋರಿಸುವುದು ಹೇಗೆ? ಖಾಸಗಿ ಕ್ಲಬ್ ಅಂದರೆ ಸದಸ್ಯರಿಗೆ, ಅವರ ಅತಿಥಿಗಳಿಗೆ ಮಾತ್ರ. ಹಾಗಾಗಿ ಕ್ಲಬ್‌ನವರಲ್ಲಿ ಕೇಳುವುದಿಷ್ಟೆ. ಏಪ್ರಿಲ್ 18, ವಿಶ್ವ ಪರಂಪರೆ ದಿನ. ಅವತ್ತೊಂದು ದಿನ ಹಳೇ ಬಂಗಲೆಯನ್ನು ಎಲ್ಲರಿಗೂ ತೆರೆಯಿರಿ. ದುರಸ್ತಿಗೆ ಕೈ ಹಾಕುವಾಗ ಹಳೇ ಕಟ್ಟಡ ಬಲ್ಲವರನ್ನು ಕರೆಸಿ.

ನಮ್ಮ ರಾಜ್ಯದ ಪುರಾತತ್ವ ಇಲಾಖೆಗೂ ಒಂದು ಮನವಿ. ಕ್ಲಬ್‌ನವರ ಒಪ್ಪಿಗೆ ಪಡೆದು ಆ ಮನೆಯ ನಕ್ಷೆ, ಫೋಟೊಗಳನ್ನು ತರಿಸಿ. ಶ್ರೀರಂಗಪಟ್ಟಣಕ್ಕೆ ಬರುವ ಶಾಲಾ ಮಕ್ಕಳ ಕಣ್ಣಿಗೆ ಬೀಳುವಂತೆ ಅಲ್ಲೇ ಇಡಿ. ಇದಕ್ಕೆ ಜಾಸ್ತಿ ಖರ್ಚೂ ಇಲ್ಲ.

– ಕೋಲ್ಕತ್ತದಲ್ಲಿರುವ ಒಬ್ಬ ಓದುಗಾರ್ತಿ