ಒಪ್ಪದ ಮಾತಿಗೂ ಕಿವಿ ಕೊಡೋಣ

ಮಾನ್ಯ ಸಂಪಾದಕರೇ,

ನಮಗೊಪ್ಪದ ಮಾತು ಬಂದ ಕೂಡಲೇ ಕಿವಿ ಮುಚ್ಚಿಕೊಳ್ಳುವ ಅಭ್ಯಾಸ ಜಾಸ್ತಿಯಾಗುತ್ತಿದೆ. ಎದುರಿನವರು ಎರಡು ವಾಕ್ಯ ಮುಗಿಸುವ ಮೊದಲೇ ನಾವು ಬಾಯಿ ಹಾಕುತ್ತೇವೆ, ಅಲ್ವಾ?

ಇದರಿಂದ ನಷ್ಟ ನಮಗೇ. ಹೊಟ್ಟೆಹುಣ್ಣಿಗೆ ಮಾನಸಿಕ ಒತ್ತಡ, ಆಮ್ಲವೇ ಕಾರಣ ಎಂದು ವೈದ್ಯರು ಬಹುಕಾಲ ನಂಬಿದ್ದರು. 1980ರ ದಶಕದಲ್ಲಿ ಆಸ್ಟ್ರೇಲಿಯಾದ ವೈದ್ಯರಾದ ರಾಬಿನ್ ವಾರನ್ ಮತ್ತು ಬ್ಯಾರಿ ಮಾರ್ಷಲ್, ಇದಕ್ಕೆ ಬ್ಯಾಕ್ಟೀರಿಯಾ ಕಾರಣ ಎಂದಾಗ ಬಹಳ ಜನ ನಂಬಲಿಲ್ಲ. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾ ಬೆರೆಸಿದ ದ್ರವವನ್ನು ತಾವೇ ಕುಡಿದರು. ಕೆಲವೇ ದಿನಗಳಲ್ಲಿ ವಾಂತಿ ಶುರುವಾಯಿತು. ಜಠರದಲ್ಲಿ ಉರಿಯೂತ ಕಾಣಿಸಿತು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಇಂದು ಇಂಥ ಹುಣ್ಣಿಗೆ ಆ್ಯಂಟಿಬಯಾಟಿಕ್ ಕೊಟ್ಟು ವಾಸಿ ಮಾಡುತ್ತಾರೆ. ಅಲ್ಲಿಯವರೆಗೆ ವರ್ಷಗಟ್ಟಲೆ ನೋವು ತಿಂದವರನ್ನು ನೆನೆದರೆ ಸಂಕಟವಾಗುತ್ತದೆ.

ಎಲ್ಲವನ್ನೂ ಒಪ್ಪಬೇಕೆಂದಲ್ಲ. ಪುರಾವೆ ಕೇಳೋಣ. ಆದರೆ ಕೇಳಿಸಿಕೊಳ್ಳದೆ ಸುಮ್ನೆ ತಳ್ಳಿಹಾಕುವುದು ಬೇಡ.

ಶಾಲೆಯ ಚರ್ಚಾಸ್ಪರ್ಧೆಗಳಲ್ಲಿ ಒಂದು ನಿಯಮ ತರಬಹುದು. ಎದುರಾಳಿ ಏನು ಹೇಳಿದರು ಎಂಬುದನ್ನು ಮಗು ಮೊದಲು ತನ್ನ ಮಾತಿನಲ್ಲಿ ಹೇಳಬೇಕು. ‘ಹೌದು, ನಾನು ಹೇಳಿದ್ದು ಅದೇ’ ಎಂದು ಅವರು ಒಪ್ಪಿದ ಮೇಲಷ್ಟೇ ಉತ್ತರ ಕೊಡಬೇಕು. ಶಿಕ್ಷಕರು ದಯವಿಟ್ಟು ಇದನ್ನು ಒಮ್ಮೆ ಮಾಡಿ ನೋಡಲಿ.

– ಒಬ್ಬ ಓದುಗ